ನನ್ನ ಕೈಯ ಒರಟುತನ

ಫೆರಾರಾ,
ನವೆಂಬರ್ ೧೪

ಪ್ರೀತಿಯ ಓರ್ನೆಲ್ಲಾ,

ನೀನೂ ಅಮ್ಮನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ನಾಚಿಕೆಯಾಗಿ ಬರೆಯಲಿಲ್ಲ. ಇಲ್ಲಿ ಮಂಜು ಕವಿದು ನಾಲ್ಕು ದಿನವಾಯಿತು, ಸೈಕಲ್‌ನವರು ಬೆಲ್ ಹೊಡೆಯುತ್ತಲೇ ಹೋಗುತ್ತಾರೆ. ಭಾನುವಾರ ಕುಂಬಳಕಾಯಿ ಹೂರಣದ ಕಪ್ಪೆಲ್ಲಾಚಿ ಕಡುಬು ಮಾಡಿದ್ದೆ. ಅಭ್ಯಾಸಬಲ, ಇಬ್ಬರಿಗಾಗುವಷ್ಟು ಮಾಡಿಬಿಟ್ಟೆ.

ವಿಷಯಕ್ಕೆ ಬರುತ್ತೇನೆ. ಪ್ರಯೋಗಾಲಯಕ್ಕೆ ಹೊಸದಾಗಿ ನಿವೆಸ್ ಎಂಬವಳು ಸೇರಿದ್ದಾಳೆ. ಐವತ್ತು ದಾಟಿದೆ, ಬಾಯಿಗೆ ಬೀಗವಿಲ್ಲ. ಹೋದ ವಾರ ನಮ್ಮ ಹಳೆಯ ಪ್ರಯೋಗವನ್ನೇ ಅವಳಿಗೆ ಕಲಿಸಲು ಕೂತೆ. ಎಟಿಪಿ ಜೀವಕೋಶದ ಒಳಗಿದ್ದರೆ ಅದಕ್ಕೆ ಶಕ್ತಿ, ಹೊರಗೆ ಚೆಲ್ಲಿದರೆ ಅಕ್ಕಪಕ್ಕದ ಕೋಶಗಳಿಗೆ ಅಪಾಯದ ಕೂಗು, ಆ ಕೂಗಿನಿಂದಲೇ ಉರಿಯೂತ ಶುರುವಾಗುತ್ತದೆ ಎಂದೆಲ್ಲ ವಿವರಿಸಿದೆ. ತಟ್ಟೆಯ ಗುಳಿಗಳಲ್ಲಿ ರೋಗನಿರೋಧಕ ಕೋಶಗಳಿದ್ದವು. ಒಂದು ಸಾಲಿಗೆ ಬ್ಯಾಕ್ಟೀರಿಯಾದ ವಿಷ ಹಾಕುವುದು, ಇನ್ನೊಂದು ಸಾಲನ್ನು ಮುಟ್ಟದೆ ಬಿಡುವುದು, ಆಮೇಲೆ ಮಿಂಚುಹುಳುವಿನ ಕಿಣ್ವ ಸೇರಿಸಿ ಹೊರಚೆಲ್ಲಿದ ಎಟಿಪಿಯನ್ನು ಬೆಳಕಿನಲ್ಲಿ ಅಳೆಯುವುದು, ನಾನು ಯಾವಾಗಲೂ ಮಾಡುವ ಕ್ರಮ.

ಎಂದಿನಂತೆ ಪಿಪೆಟ್ ಒತ್ತಿ ವಿಷ ಸುರಿದೆ. ನಿವೆಸ್ ಹೌಹಾರಿದಳು.

"ಅಯ್ಯೋ ಪ್ರೊಫೆಸರಮ್ಮ, ಹಂಗೆ ದಬಕ್ಕಂತ ಸುರಿದ್ರೆ ನಾನೂ ಕಿರುಚ್ಕೋತೀನಿ! ಅವು ವಿಷಕ್ಕೆ ಕೂಗ್ತಾವೋ ನಿಮ್ಮ ಕೈಗೆ ಕೂಗ್ತಾವೋ ಹೆಂಗ್ರೀ ಗೊತ್ತಾಗೋದು? ವಿಷ ಇಲ್ದಿರೋ ದ್ರಾವಣಾನ ಆ ಇನ್ನೊಂದು ಸಾಲಿಗೂ ಹಿಂಗೇ ಸುರಿದು ನೋಡಿ."

ಸುರಿದೆವು. ಎರಡೂ ಸಾಲು ಒಂದೇ ಸಮ ಬೆಳಗಿದವು. ಆಮೇಲೆ ಅವಳು ಹೊಸ ತಟ್ಟೆ ತೆಗೆದುಕೊಂಡು ಗುಳಿಯ ಅಂಚಿನಿಂದ ಹನಿಹನಿಯಾಗಿ ಬಿಟ್ಟಳು. ವಿಷವಿದ್ದ ಸಾಲೂ ಕತ್ತಲು, ಇಲ್ಲದ ಸಾಲೂ ಕತ್ತಲು.

ನಾಲ್ಕು ವರ್ಷದ ಹಿಂದೆ ನೀನು ಹೀಗೇ ಹನಿಹನಿಯಾಗಿ ಬಿಟ್ಟು, ತಂದು ತೋರಿಸಿದ್ದು ಈ ಕತ್ತಲನ್ನೇ. ಸೋಮವಾರದ ಸಭೆಯಲ್ಲಿ ಎಲ್ಲರೆದುರು ನಾನು, "ಕಿಣ್ವಾನ ಹೊರಗಿಟ್ಟು ಕೆಡಿಸಿರ್ತೀಯ. ಆರು ವರ್ಷ ಆದ್ರೂ ನಿಂಗೆ ಕೈ ಪಳಗ್ಲಿಲ್ಲ ಕಣೇ" ಎಂದೆ. ನಿನ್ನ ಮುಖ ಕೆಂಪಾಯಿತು. ನೀನು, "ಮೂರು ಸಲ ಮಾಡಿದೀನಿ ಮೇಡಂ, ಒಂದ್ಸಲ ನನ್ನ ಪಕ್ಕ ನಿಂತು ನೋಡಿ" ಎಂದೆ. ನಾನು ಬಂದು ನಿಲ್ಲಲಿಲ್ಲ. ಬೇಸಿಗೆಯಲ್ಲಿ ನಿನ್ನ ಅವಧಿ ಮುಗಿದಾಗ ಮುಂದುವರಿಸಲೂ ಇಲ್ಲ. ಕೋಶಗಳು ವಿಷಕ್ಕೇ ಕೂಗುತ್ತವೆಂಬ ಪ್ರಬಂಧ ನನ್ನ ಹೆಸರಿನಲ್ಲಿ ಬಂತು, ಚಪ್ಪಾಳೆಯೂ ಬಂತು. ನೀನು ಆದ್ರಿಯಾದ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಿದ್ದೀಯ. ಪ್ರತಿ ಭಾನುವಾರ ನನ್ನ ಮನೆಯಲ್ಲಿ ಉಂಡವಳಿಗೆ ಹೀಗೆ ಮಾಡಿದೆನಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ, ತಪ್ಪು ನನ್ನ ಕೈಯದು, ಸರಿಯಾದ ಅಳತೆ ಓರ್ನೆಲ್ಲಾ ತುಮಿಯಾತಿಯದು ಎಂದು ನಿನ್ನೆ ಆ ವಿಜ್ಞಾನ ಪತ್ರಿಕೆಗೆ ಬರೆದು ಹಾಕಿದೆ. ನಿವೆಸ್ ಓದಿ, "ರಿಟೈರ್ ಆಗೋ ಹೊತ್ತಲ್ಲಿ ಮಾನ ಯಾಕೆ ಕಳ್ಕೋತೀರ?" ಎಂದಳು. "ಕಳ್ಕೊಂಡು ನಾಲ್ಕು ವರ್ಷ ಆಯ್ತು" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ನಿನಗೆ ಒಳ್ಳೆಯದಾಗಲಿ ಮಗಳೇ. ನಿನ್ನ ಹತ್ತಿರ ಕಲಿಯುವ ಮಕ್ಕಳು ಪುಣ್ಯವಂತರು. ಅಮ್ಮನಿಗೆ ನನ್ನ ನೆನಪು ತಿಳಿಸು.

ನಿನ್ನ,
ಇಯೋಲೆ

ತಾ.ಕ.: ನಿವೆಸ್‌ಳಿಂದ ಗೊತ್ತಾಯಿತು ಎಂಬಂತೆ ಬರೆದೆ. ಅದು ಸುಳ್ಳು. ನೀನು ಹೋದ ಎರಡನೇ ವಾರವೇ ನಾನೊಬ್ಬಳೇ ಕೂತು ನಿನ್ನ ಹಾಗೆ ಹನಿಹನಿಯಾಗಿ ಬಿಟ್ಟು ನೋಡಿದ್ದೆ. ಎರಡೂ ಸಾಲು ಕತ್ತಲು. ಪ್ರಬಂಧ ಆಗಿನ್ನೂ ಅಚ್ಚಾಗಿರಲಿಲ್ಲ. ತಟ್ಟೆ ಎಸೆದು ಸುಮ್ಮನಾದೆ. ಮರು ತಿಂಗಳು ನೀನು ಟ್ರಿಯೆಸ್ತೆಯ ಕೆಲಸಕ್ಕೆ ನನ್ನಿಂದ ಶಿಫಾರಸು ಕೇಳಿದೆ. "ಶ್ರಮಜೀವಿ, ಆದರೆ ಇವಳ ಅಳತೆಗಳನ್ನು ನಂಬುವಂತಿಲ್ಲ" ಎಂದು ಬರೆದು ಲಕೋಟೆ ಅಂಟಿಸಿ ಕೊಟ್ಟೆ. ಅವರು ನಿನ್ನನ್ನು ಬೇಡವೆಂದದ್ದು ಅದಕ್ಕೇ. ಲಕೋಟೆ ಕೈಗೆ ತೆಗೆದುಕೊಂಡು ನೀನು, "ಇಷ್ಟೆಲ್ಲ ಆದ್ರೂ ಬರೆದುಕೊಟ್ರಲ್ಲ ಮೇಡಂ" ಎಂದು ನನ್ನನ್ನು ತಬ್ಬಿಕೊಂಡು ಅತ್ತಿದ್ದೆ.