ಸಿರುಗುಪ್ಪದಿಂದ ಬರಬೇಕಿದ್ದ ಕೊನೆಯ ರೀಲು

ಸತ್ಯನಾರಾಯಣಪೇಟೆ, ಬಳ್ಳಾರಿ
೧೨-೨-೨೦೨೫, ಬುಧವಾರ

ಪ್ರೀತಿಯ ಮಗಳು ಸುಮಂಗಲಾಗೆ,

ನಿನ್ನ ಅವ್ವ ಊರಮ್ಮ ಬರೆಯುವ ಕಾಗದ ಇದು. ನಾನೇ ಕೈಯಾರೆ ಬರೆಯುತ್ತಿದ್ದೇನೆ, ಯಾರಿಂದಲೂ ಬರೆಸಿಲ್ಲ. ಸಾಲು ಸೊಟ್ಟಗಿದ್ದರೆ ನಗಬೇಡ. ನೀನು ಆರೋಗ್ಯವಾಗಿದ್ದೀಯಾ? ಅಳಿಯಂದಿರ ಸೊಂಟ ನೋವು ಹೇಗಿದೆ? ಅವರು ಮಿಲಿಟರಿಯವರು, ನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ನೀನೇ ಗಮನಿಸಿ ಎಣ್ಣೆ ತಿಕ್ಕಬೇಕು. ಮೊಮ್ಮಗ ಈಗಲೂ ಊಟಕ್ಕೆ ಹಟ ಮಾಡುತ್ತಾನಾ? ಜೋಧಪುರದಲ್ಲಿ ನಮ್ಮ ಜೋಳ ಸಿಗದಿದ್ದರೆ ಸಜ್ಜೆ ರೊಟ್ಟಿಯಾದರೂ ಮಾಡಿ ತಿನ್ನಿಸು, ಬಿಸ್ಕತ್ತು ತಿಂದು ಯಾರೂ ಗಟ್ಟಿಯಾಗಿಲ್ಲ. ಇನ್ನು ನೀನು, ಊರಿನವರ ಜ್ವರ ನೋಡುವ ನರ್ಸಮ್ಮ, ನಿನ್ನ ಜ್ವರವನ್ನೂ ನೋಡಿಕೊಳ್ಳುವುದನ್ನು ಸ್ವಲ್ಪ ಕಲಿ.

ನನ್ನ ಬಲಗಣ್ಣಿನ ಪೊರೆ ತೆಗೆಸಿ ಇವತ್ತಿಗೆ ಒಂಬತ್ತು ದಿನ. ಅದೆಲ್ಲಾ ಫೋನಿನಲ್ಲಿ ಗೊತ್ತಾಗಿದೆ, ಮತ್ತೆ ಕಾಗದ ಯಾಕೆ ಅನ್ನಬೇಡ. ಈ ಮನೆಯಲ್ಲಿ ಫೋನು ಅಂದರೆ ಸ್ಪೀಕರು. ನಾನು ನಿನ್ನ ಜೊತೆ ಮಾತಾಡುತ್ತಾ ಒಂದು ಸಲ ಕೆಮ್ಮಿದರೆ, ಅಡುಗೆಮನೆಯಿಂದ ಸೊಸೆ ಜ್ಯೋತಿಲಕ್ಷ್ಮಿ “ಅತ್ತಿ, ಬಿಸಿನೀರು ತರ್ಲೇನ್ರಿ?” ಅನ್ನುತ್ತಾಳೆ. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವ್ವ ಮಗಳ ನಡುವೆ ಒಂದಿಷ್ಟು ಮಾತು ಗೋಡೆಗೂ ಕೇಳಿಸಬಾರದು ಅಂತ ಇರುತ್ತದಲ್ಲ. ಅದಕ್ಕೇ ಮೊಮ್ಮಗಳ ನೋಟುಬುಕ್ಕಿನಿಂದ ಹಾಳೆ ಹರಿದುಕೊಂಡು ಕುಳಿತಿದ್ದೇನೆ. ಡಾಕ್ಟರು ದಿನಕ್ಕೆ ಸ್ವಲ್ಪವೇ ಬರೆಯಬೇಕು ಅಂದಿದ್ದಾರೆ, ನಾನು ಮೂರು ದಿನದಿಂದ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯಿಂದ ಎರಡು ಸಲ ಎದ್ದು ಬಂದಿದ್ದು ನಿನಗೆ ಸಿಟ್ಟು ತರಿಸಿತ್ತು, ಗೊತ್ತಿದೆ. “ನಿನಗ ಬುದ್ಧಿಗಿದ್ಧಿ ಐತೇನಬೇ, ಒಂದ್ ಸಹಿಗೆ ಕಣ್ಣು ಕಳಕೊಂತೀಯಾ?” ಅಂತ ಅಷ್ಟು ದೂರದಿಂದ ಬೈದೆ. ಬೈಯುವುದಕ್ಕೆ ನಿನಗೆ ಹಕ್ಕಿದೆ. ಪೊರೆ ಪೂರ್ತಿ ಬಲಿತು ಹೋಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಬಾಗಿಲು ಅಂದುಕೊಂಡು ಕಪಾಟಿಗೆ ಹಣೆ ಹೊಡೆಸಿಕೊಂಡೆ. ಇನ್ನು ತಡ ಮಾಡಿದರೆ ಒಳಗಿನ ನರಕ್ಕೆ ಪೆಟ್ಟು, ಆಮೇಲೆ ದೇವರೇ ಬಂದರೂ ಕಣ್ಣು ಬರುವುದಿಲ್ಲ ಅಂತ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಿಮ್ಮಣ್ಣ ಭೀಮರಾಜ ಕುಡತಿನಿಯ ಕರೆಂಟು ಫ್ಯಾಕ್ಟರಿಗೆ ರಜೆ ಹಾಕಿ ಕರೆದುಕೊಂಡು ಹೋಗಿದ್ದ. ಫಾರಂಗಳನ್ನೆಲ್ಲಾ ಬೆಂಚಿನ ಮೇಲೆ ಕುಳಿತು ಅವನೇ ತುಂಬಿದ. ಪ್ಯಾಡು ನನ್ನ ತೊಡೆಯ ಮೇಲಿಟ್ಟು “ಯವ್ವಾ, ಇಲ್ಲೊಂದು, ಇಲ್ಲೊಂದು, ಕೆಳಗೊಂದು ಸಹಿ ಮಾಡು” ಅಂದ. ನಾನು ಕಾಗದಗಳನ್ನು ಒಂದೊಂದಾಗಿ ಸವರಿ ನೋಡಿದೆ, ಪೆನ್ನು ಕೆಳಗಿಟ್ಟೆ, ಕಣ್ಣಿಗೆ ಹಾಕಿದ ಡ್ರಾಪ್ಸು ಕೆನ್ನೆ ಮೇಲೆ ಇಳಿಯುತ್ತಿದ್ದ ಹಾಗೇ ಎದ್ದು ಹೊರಗೆ ಬಂದೆ. ಹತ್ತು ದಿನ ಬಿಟ್ಟು ಹೋದಾಗಲೂ ಅದೇ ಕಥೆ. ಯಾಕೆ ಅಂತ ಕೇಳಿದವರಿಗೆಲ್ಲಾ ಆ ಮುದುಕಿ ಸಿನಿಮಾದ ಹೆಸರು ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಸಿನಿಮಾದ ಕಥೆ ನಿನಗೆ ಅರ್ಧಂಬರ್ಧ ಗೊತ್ತು, ಪೂರ್ತಿ ಕೇಳು. ನಾನು ಮದುವೆಯಾಗಿ ಕುರುಗೋಡಿಗೆ ಬಂದ ವರ್ಷ. ಹದಿನೈದು ತುಂಬಿತ್ತೋ ಇಲ್ಲವೋ. ನಿಮ್ಮಪ್ಪ ನನ್ನನ್ನು ಮೊದಲ ಸಲ ಟೆಂಟಿಗೆ ಕರೆದುಕೊಂಡು ಹೋದರು. ಕಪ್ಪು ಬಿಳುಪು ಸಿನಿಮಾ, ಹೆಸರು ಏನೋ ಇತ್ತು, ನಮ್ಮ ಊರಿನವರೆಲ್ಲಾ ಅದನ್ನು ಮುದುಕಿ ಸಿನಿಮಾ ಅಂತಲೇ ಕರೆದರು. ಆಗ ಬಳ್ಳಾರಿಯಲ್ಲಿ ಓಡಿ ಸವೆದ ಪ್ರಿಂಟು ನಮ್ಮ ಕಡೆ ಬರುತ್ತಿತ್ತು. ಸಿರುಗುಪ್ಪಕ್ಕೂ ಕುರುಗೋಡಿಗೂ ಸೇರಿ ಒಂದೇ ಪ್ರಿಂಟು. ಸಿರುಗುಪ್ಪದ ಟಾಕೀಸಿನಲ್ಲಿ ಮಧ್ಯಾಹ್ನದ ಆಟ. ಅಲ್ಲಿ ತೋರಿಸಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗೆ ಹಾಕಿ ಬಸ್ಸಿಗೆ ಕೊಡುತ್ತಿದ್ದರು, ಮೊದಲ ಡಬ್ಬಿ ಒಂದು ಬಸ್ಸಿಗೆ, ಎರಡನೆಯದು ಮುಂದಿನ ಬಸ್ಸಿಗೆ. ಇಲ್ಲಿ ಟೆಂಟಿನವರು ಮೊದಲ ಡಬ್ಬಿ ಹಾಕಿ ಎರಡನೆಯದರ ದಾರಿ ಕಾಯುತ್ತಿದ್ದರು. ಬಸ್ಸು ತಡವಾದರೆ ಜನ ಶೇಂಗಾ ತಿನ್ನುತ್ತಾ ಕೂರುತ್ತಿದ್ದರು.

ಸಿನಿಮಾದಲ್ಲಿ ಒಬ್ಬಳು ವಿಧವೆ ತಾಯಿ, ಇಬ್ಬರು ಗಂಡುಮಕ್ಕಳು, ಒಂದು ದೊಡ್ಡ ಮನೆ. ಆ ಮನೆಯ ಮೇಲೆ ಮಕ್ಕಳಿಗೂ ಆಸೆ, ಸೊಸೆಯರಿಗೂ ಆಸೆ, ಸೊಸೆಯರ ತಮ್ಮಂದಿರಿಗೂ ಆಸೆ. ತಾಯಿಗೆ ಜ್ವರ ಬರುತ್ತದೆ. ಹಿರಿಯ ಮಗ ಹಾಸಿಗೆಯ ಪಕ್ಕ ಕುಳಿತು “ಅಮ್ಮಾ, ಇದು ನಿನ್ನ ಔಷಧಿಯ ಚೀಟಿ” ಅಂತ ಅವಳ ಹೆಬ್ಬೆಟ್ಟಿಗೆ ತಾನೇ ಮಸಿ ಹಚ್ಚುತ್ತಾನೆ. ಎಷ್ಟು ಮೆತ್ತಗೆ ಹಚ್ಚುತ್ತಾನೆ ಗೊತ್ತಾ, ಮೆಹಂದಿ ಹಚ್ಚಿದ ಹಾಗೆ. ಅವಳು ಅವನ ತಲೆ ಸವರಿ ಒತ್ತಿಬಿಡುತ್ತಾಳೆ. ಮರುದಿನ ಅವಳ ತಗಡಿನ ಪೆಟ್ಟಿಗೆ ಬೀದಿಯಲ್ಲಿ. ಧೋ ಅಂತ ಮಳೆ. ಪೆಟ್ಟಿಗೆ ಹಿಡಿದುಕೊಂಡು ಅವಳು ಮನೆಯ ಕಡೆ ನೋಡುತ್ತಾ ನಿಂತಿದ್ದಾಳೆ, ಅಷ್ಟರಲ್ಲಿ ತೆರೆ ಬೆಳ್ಳಗಾಯಿತು. ಕೊನೆಯ ರೀಲು ಇದ್ದ ಬಸ್ಸು ಎಮ್ಮಿಗನೂರಿನ ಹತ್ತಿರ ಕೆಟ್ಟು ನಿಂತಿತ್ತಂತೆ. “ನಾಳೆ ಅರ್ಧ ಟಿಕೀಟು ತೋರ್ಸಿ ಉಳಿದದ್ದು ನೋಡ್ರಿ” ಅಂದ ಟೆಂಟಿನವನು. ಮರುದಿನ ಹೋದರೆ ಪ್ರಿಂಟೇ ಬೇರೆ ಊರಿಗೆ ಹೋಗಿತ್ತು. ನಾನು ಎರಡು ದಿನ ಊಟ ಬಿಟ್ಟೆ. “ಏ ಊರಿ, ಅದು ಸಿನಿಮಾ ಐತಿ, ಆಕಿ ಮನಿಗೆ ಹೋಗಿ ಉಂಡು ಮಲಗಿರ್ತಾಳ” ಅಂತ ನಿಮ್ಮಪ್ಪ ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ಅವತ್ತೇ ಒಂದು ಆಣೆ ಮಾಡಿಕೊಂಡೆ, ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ ಅಂತ. ಅಕ್ಷರ ಕಲಿತದ್ದೂ ಅದಕ್ಕೇ. ನಿಮ್ಮಣ್ಣ ಹೈಸ್ಕೂಲಿನಲ್ಲಿದ್ದಾಗ ದಿನಾ ಬೆಳಿಗ್ಗೆ ಸ್ಲೇಟು ಹಿಡಿದು ನನಗೆ ಅ ಆ ತಿದ್ದಿಸಿದ. ತಪ್ಪಿದರೆ ಮಾಸ್ತರರ ಹಾಗೆ ಗದರುತ್ತಿದ್ದ.

ಈಗ ಕುರುಗೋಡು ತಾಲ್ಲೂಕಾಯಿತು. ರಸ್ತೆ ಅಗಲವಾಯಿತು, ನಮ್ಮ ಮನೆಯ ಎದುರಿಗೇ ಬ್ಯಾಂಕು ಬಂತು. ಮನೆಗೆ ಬೆಲೆ ಬಂದ ಮೇಲೆ ಮನೆಯವರ ಬೆಲೆ ಇಳಿಯಿತು. ನಿಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಕಟ್ಟಿಸಿದ ಎರಡು ಅಂಕಣದ ಮನೆ ಅದು, ಅದಕ್ಕಾಗಿ ನೀನೂ ನಿಮ್ಮಣ್ಣನೂ ಎರಡು ವರ್ಷದಿಂದ ಮುಖ ಕೊಟ್ಟು ಮಾತಾಡಿಲ್ಲ. ಅವನು ಖಾತೆ ತನ್ನ ಹೆಸರಿಗೆ ಆಗಲಿ ಅಂದ, ನೀನು ನನ್ನ ಪಾಲು ಎಲ್ಲಿ ಅಂದೆ. ನಾನು ಇನ್ನೂ ಸತ್ತಿಲ್ಲ ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ. ಹೋಗಲಿ ಬಿಡು, ಬೈಯುವುದಕ್ಕೆ ಈ ಕಾಗದ ಬರೆಯುತ್ತಿಲ್ಲ.

ಮೂರನೆಯ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಭಾನುವಾರ. ಜ್ಯೋತಿಲಕ್ಷ್ಮಿಯ ತಾಯಿ ವಿರೂಪಮ್ಮ ಸಿರುಗುಪ್ಪದಿಂದ ಬಂದರು. ಬರಿಗೈಲಿ ಬರುವ ಪೈಕಿ ಅಲ್ಲ ನಮ್ಮ ಬೀಗತಿ, ಒಂದು ಚೀಲ ಸೋನಾ ಮಸೂರಿ, ಡಬ್ಬಿ ತುಂಬ ಶೇಂಗಾ ಹೋಳಿಗೆ. ಎಲ್ಲರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕುಳಿತಿದ್ದಾಗ ಮೊಮ್ಮಗಳು ನನ್ನನ್ನು ಅಣಕಿಸಿ ಆ ಸಿನಿಮಾದ ಮಾತು ತೆಗೆದಳು. ಮಳೆಯಲ್ಲಿ ಮುದುಕಿ ನಿಂತದ್ದು, ಅಲ್ಲಿಗೇ ಮುಗಿದದ್ದು, ಎಲ್ಲಾ ಹೇಳಿದಳು. ವಿರೂಪಮ್ಮ ಮಿರ್ಚಿಯನ್ನು ತಟ್ಟೆಗೆ ಇಟ್ಟರು. “ಅಯ್ಯೋ ದೇವುಡಾ! ಅಲ್ಲಿಗೇ ಮುಗೀತು ಅಂತ ತಿಳಕೊಂಡೀರೇನ್ರಿ ಬೀಗರ? ಕಡೀ ರೀಲಿನ್ಯಾಗ ಐತಲ್ರಿ ಖರೇ ಸಿನಿಮಾ! ನಾ ನೋಡೀನ್ರಿ, ನಮ್ಮವ್ವನ ಜೋಡಿ, ಸಿರುಗುಪ್ಪದ ಟಾಕೀಸಿನ್ಯಾಗ!” ಅಂದರು. ನೋಡು ಮಗಳೆ, ಐವತ್ತೆಂಟು ವರ್ಷವಾದ ಮೇಲೆ ಆ ರೀಲು ಬಂತಲ್ಲ, ಅದೂ ಬೀಗತಿಯ ಬಾಯಲ್ಲಿ.

ಅವರು ಹೇಳಿದ್ದು ಹೀಗೆ. ಮಳೆಯಲ್ಲಿ ನಿಂತ ಮುದುಕಿಯನ್ನು ಎದುರುಮನೆಯ ಅಗಸರ ಹೆಣ್ಣುಮಗಳು ಒಳಗೆ ಕರೆದು ಗಂಜಿ ಕೊಡುತ್ತಾಳೆ. ಆಮೇಲೆ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಕೋರ್ಟಿಗೆ ಹೋಗುತ್ತಾಳೆ. ಜಡ್ಜು ಹಿರಿಯ ಮಗನಿಗೆ ಹೇಳುತ್ತಾನೆ, ಕಾಗದದಲ್ಲಿ ಏನಿದೆ ಅಂತ ನಿನ್ನ ತಾಯಿಗೆ ತಿಳಿಸಿಯೇ ಹೆಬ್ಬೆಟ್ಟು ಒತ್ತಿಸಿಕೊಂಡೆಯಾ, ಅವಳ ತಲೆ ಮುಟ್ಟಿ ಹೇಳು ಅಂತ. ಮಗ ಕೈ ಎತ್ತುತ್ತಾನೆ, ಎತ್ತಿದ ಕೈ ಕೆಳಗಿಳಿಯುವುದೇ ಇಲ್ಲ. ವಿರೂಪಮ್ಮ ತಮ್ಮ ಕೈಯನ್ನೇ ನನ್ನ ತಲೆಯ ಮೇಲೆ ಎತ್ತಿ ನಡುಗಿಸಿ ತೋರಿಸಿದರು. “ಆ ಕೈ ಹಿಂಗ ಗಾಳ್ಯಾಗ ನಿಂತಿತ್ರಿ, ಟಾಕೀಸಿಗೆ ಟಾಕೀಸೇ ಅಳಾಕ ಹತ್ತಿತ್ತು” ಅಂದರು. ಕೊನೆಗೆ ಮನೆ ಮುದುಕಿಗೇ ವಾಪಸು. ನಿಮ್ಮಣ್ಣ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿದ. ಒಗ್ಗರಣೆ ತಟ್ಟೆ ಕೈಯಲ್ಲಿ ಹಾಗೇ ಇತ್ತು.

ನೀನು ನಗುತ್ತೀಯಾ, ನಗು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಮಳೆ ಬಂದಾಗಲೆಲ್ಲಾ ಆ ಹೆಣ್ಣುಮಗಳನ್ನು ನೆನೆಸಿಕೊಂಡಿದ್ದೇನೆ. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಅದೊಂದು ಪುಣ್ಯ. ಅವಳು ಬೀದಿಯಲ್ಲಿ ಸಾಯಲಿಲ್ಲ, ಗಂಜಿ ಕುಡಿದಳು, ತನ್ನ ಮನೆಗೆ ಹೋದಳು ಅಂತ ಕೇಳಿ ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಬೀಗತಿ ಇದನ್ನೆಲ್ಲಾ ನನಗೆ ಧೈರ್ಯ ಬರಲಿ ಅಂತ ಕಟ್ಟಿ ಹೇಳಿದರಾ ಅನ್ನುವ ಅನುಮಾನವೂ ಒಂದು ಗಳಿಗೆ ಬಂತು. ಬಂದರೆ ಬರಲಿ. ಅಗಸರ ಮನೆಯ ಗಂಜಿಯನ್ನು ಯಾರೂ ಸುಮ್ಮನೆ ಹುಟ್ಟಿಸಿ ಹೇಳುವುದಿಲ್ಲ.

ಸೋಮವಾರ ಹೋದೆವು. ಪ್ಯಾಡು ಕೊಟ್ಟರು, ಸಹಿ ಹಾಕಿದೆ, ಮೂರು ಕಡೆ. ಭೀಮರಾಜ ಪಕ್ಕದಲ್ಲಿ ನಿಂತು ಪ್ಯಾಡು ಅಲ್ಲಾಡದಂತೆ ಹಿಡಿದುಕೊಂಡ. ನರ್ಸಮ್ಮ “ಅಜ್ಜೀ, ಎಷ್ಟು ಚಂದ ಬರೀತೀರಿ!” ಅಂದಳು. ಆಪರೇಶನ್ ಏನೂ ನೋವಾಗಲಿಲ್ಲ, ಇರುವೆ ಕಚ್ಚಿದಷ್ಟೂ ಇಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಭೀಮರಾಜನ ಮುಖ. ಸುಮಾ, ನಿಮ್ಮಣ್ಣ ಮುದುಕನಾಗಿದ್ದಾನೆ ಕಣೆ. ಮೀಸೆ ಪೂರ್ತಿ ಬೆಳ್ಳಗಾಗಿದೆ, ಕಣ್ಣಿನ ಕೆಳಗೆ ಚೀಲ ಬಂದಿದೆ. ನನಗೆ ಗೊತ್ತೇ ಇರಲಿಲ್ಲ. ಎಡಗಣ್ಣಿಗೆ ಮುಂದಿನ ತಿಂಗಳು ಅಂದಿದ್ದಾರೆ, ಈ ಸಲ ಯಾರನ್ನೂ ಸತಾಯಿಸುವುದಿಲ್ಲ.

ಬಿಸಿಲು ಈಗಲೇ ಶುರುವಾಗಿದೆ, ಬಳ್ಳಾರಿಯ ಬಿಸಿಲು ನಿನಗೆ ಹೇಳಬೇಕಾಗಿಲ್ಲ. ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು. ಮೊಮ್ಮಗನ ಎರಡೂ ಕೆನ್ನೆಗೆ ನನ್ನ ಮುತ್ತು. ನೀನು ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನೂರು ಕಾಲ ಸುಖವಾಗಿರು.

ನಿನ್ನ ಅವ್ವ,
ಊರಮ್ಮ ಸುಂಕಪ್ಪ

ತಾ.ಕ.: ಜ್ಯೋತಿಲಕ್ಷ್ಮಿ ತರಕಾರಿಗೆ ಹೋಗಿದ್ದಾಳೆ, ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ನಾನು ಎರಡು ಸಲ ಎದ್ದು ಬಂದದ್ದು ಸಿನಿಮಾಕ್ಕಾಗಿ ಅಲ್ಲ. ಆಸ್ಪತ್ರೆಯ ಫಾರಂಗಳ ಕೆಳಗೆ ಇನ್ನೊಂದು ಕಾಗದ ಇತ್ತು, ಕೈಗೆ ದಪ್ಪ ಹತ್ತಿತು. ಆಗ ಎಡಗಣ್ಣಲ್ಲಿ ಸ್ವಲ್ಪ ಬೆಳಕಿತ್ತು, ಅವನು ಆಚೆ ತಿರುಗಿದಾಗ ಮೂಗಿನ ಹತ್ತಿರ ಹಿಡಿದು ನೋಡಿದೆ. ಛಾಪಾ ಕಾಗದ. ‘ಪೂರ್ವಕ್ಕೆ ಕರಿಬಸವನ ಮನೆ, ಪಶ್ಚಿಮಕ್ಕೆ ರಸ್ತೆ’ ಅಂತ ನಮ್ಮ ಕುರುಗೋಡಿನ ಮನೆಯ ಎಲ್ಲೆ ಬರೆದಿತ್ತು. ಕಣ್ಣಿನ ಆಪರೇಶನ್ನಿಗೆ ಕರಿಬಸವನ ಮನೆ ಯಾಕೆ ಬೇಕು? ಓದಲು ಕಲಿಸಿದವನೇ ನನಗೆ ಓದಲು ಬರುವುದಿಲ್ಲ ಅಂದುಕೊಂಡನಲ್ಲ. ನಾಲ್ಕು ಜನರ ಮುಂದೆ ಅವನ ಮಾನ ಹೋಗಬಾರದು ಅಂತ ಸಿನಿಮಾದ ನೆಪ ಹೇಳಿದೆ. ಎರಡನೆಯ ಸಲವೂ ಆ ಕಾಗದ ಅಲ್ಲೇ ಇತ್ತು. ಮೂರನೆಯ ಸಲ ಪ್ಯಾಡನ್ನು ಎರಡು ಬಾರಿ ಸವರಿದೆ, ಎಲ್ಲಾ ತೆಳ್ಳನೆಯ ಹಾಳೆಗಳೇ. ಇರಲಿಲ್ಲ ಮಗಳೆ. ಯಾರೂ ಹೇಳದೆ, ಯಾರೂ ಕೇಳದೆ, ಅವನೇ ತೆಗೆದಿದ್ದ. ಆ ಸಿನಿಮಾದ ಮಗನಿಗೆ ಕೋರ್ಟು ಬೇಕಾಯಿತು, ನನ್ನ ಮಗನಿಗೆ ಬೇಕಾಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ರಜೆ ಹಾಕಿ ಬಾ, ಕುರುಗೋಡಿನ ಮನೆಯನ್ನು ನಿಮ್ಮಿಬ್ಬರ ಹೆಸರಿಗೂ ಸಮಸಮ ಬರೆಸುತ್ತೇನೆ, ಈ ಹೊಸ ಕಣ್ಣಿನಿಂದ ಪ್ರತಿ ಸಾಲೂ ಓದಿ ಸಹಿ ಹಾಕುತ್ತೇನೆ. ಅಷ್ಟರೊಳಗೆ ನೀನೇ ಒಂದು ಸಲ ನಿಮ್ಮಣ್ಣನಿಗೆ ಫೋನು ಮಾಡು, ಊಟ ಆಯಿತಾ ಅಂತ ಕೇಳು, ಸಾಕು. ಈ ವಿಷಯ ನನಗೆ ಗೊತ್ತು ಅನ್ನುವುದು ಅವನಿಗೆ ಎಂದೂ ಗೊತ್ತಾಗಬಾರದು. ಓದಿದ ಕೂಡಲೇ ಈ ಹಾಳೆ ಹರಿದುಹಾಕು. ಕಣ್ಣಿಗೆ ನೀರು ತಾಗಬಾರದು ಅಂತ ಡಾಕ್ಟರು ಹೇಳಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.