ರಾಟೆಗೆ ಎಣ್ಣೆ

ಮತ್ತಿಕೆರೆ, ೧೯೬೨

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಈ ಕಾಗದವನ್ನು ಅಂಚೆಗೆ ಹಾಕುವಂತಿಲ್ಲ, ಆದರೂ ಇವತ್ತಿನ ಸುದ್ದಿ ನಿನಗೇ ಹೇಳಬೇಕು.

ನಿನಗೆ ಚೌಕಾಬಾರದ ಹುಚ್ಚಿತ್ತು; ಊಟಕ್ಕೆ ಕರೆದರೆ ನೀನು ಆಟ ಬಿಟ್ಟು ಎದ್ದು ಬರುತ್ತಿದ್ದೆ. ನನಗಿದ್ದ ಬಾವಿಯ ರಾಟೆಯ ಹುಚ್ಚು ಹಾಗಲ್ಲ. ಚಿಕ್ಕಂದಿನಲ್ಲಿ ನಮ್ಮೂರು ಯಲಹಂಕದ ಹನ್ನೊಂದು ಬಾವಿಗಳ ರಾಟೆಗಳನ್ನೂ ಸದ್ದಿನಲ್ಲೇ ಗುರುತಿಸುತ್ತಿದ್ದೆ. ಆ ಸದ್ದು ಕೇಳದ ದಿನ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಬಾವಿಕಟ್ಟೆ ಬಿಟ್ಟು ಏಳಲೆಂದು ನೀನು ನಮ್ಮ ರಾಟೆಗೆ ಎಣ್ಣೆ ಹಾಕಿ ಅದರ ಬಾಯಿ ಮುಚ್ಚಿಸಿದೆ.

ಇವತ್ತು ನನ್ನ ಗಂಡನೂ ಎಣ್ಣೆ ಬಟ್ಟಲು ಹಿಡಿದು ಬಾವಿಗೆ ಹೊರಟರು. ನೀರು ಸೇದುತ್ತಿದ್ದ ಅತ್ತೆ ತಡೆದರು.

"ಬ್ಯಾಡ ಕಣೋ. ಸೊಸೆ ಕೇಳ್ತಾ ಕೂತವ್ಳೆ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ, ತೊಟ್ಟಿ ತುಂಬಿದ್ದರೂ, ಇನ್ನೆರಡು ಕೊಡ ನೀರನ್ನು ನಿಧಾನವಾಗಿ ಸೇದಿದರು.