ಚೀಟಿ ಇಲ್ಲದೆ ಹತ್ತಿದ ಕಂಬ

ಹಡಪಸರ, ಪುಣೆ
೯ ಜನವರಿ ೨೦೦೩

ಪ್ರೀತಿಯ ತಮ್ಮ ಈರಣ್ಣ,

ಹೇಗಿದ್ದೀಯಾ? ಈ ಚಳಿಗೆ ತೋಳು ನೋಯುತ್ತಿರಬೇಕು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೋ, ಮೊಂಡುತನ ಬೇಡ. ಎಡಗೈಯಲ್ಲಿ ಬರೆದ ನಿನ್ನ ಕಾರ್ಡು ಮುಟ್ಟಿತು. ನಿನ್ನ ಅತ್ತಿಗೆ ತ್ರಿವೇಣಿ "ಮೊದಲಿಗಿಂತ ಅಕ್ಷರ ಚಲೋ ಆಗ್ಯಾವ" ಎಂದು ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು. ಉಳಿದಂತೆ ನಾವೆಲ್ಲ ಆರಾಮ ಇದ್ದೇವೆ.

ಒಂದು ಸುದ್ದಿ ಇದೆ. ಜೇಜುರಿಯ ಕರೆಂಟ್ ಲೈನಿನಲ್ಲಿ ಹದ್ದುಗಳು ಸಾಯುವುದು ನಿಂತಿದೆ. ಮೊದಲೆಲ್ಲ ಮಳೆಗಾಲ ಮುಗಿಯುವಷ್ಟರಲ್ಲಿ ಹತ್ತು ಹನ್ನೆರಡು ಸಿಗುತ್ತಿದ್ದವು, ಕಂಬದ ಬುಡದಲ್ಲಿ, ರೆಕ್ಕೆ ಸುಟ್ಟುಕೊಂಡು. ಕೂರಬಾರದೆಂದು ನಾನು ಅಡ್ಡಪಟ್ಟಿಗೆ ಜಾಲಿಮುಳ್ಳು ಕಟ್ಟಿಸಿದ್ದು ನೆನಪಿದೆಯಲ್ಲ? ಮುಳ್ಳು ಬಿಟ್ಟು ತಂತಿಯ ಪಕ್ಕಕ್ಕೇ ಕೂತು ಇನ್ನಷ್ಟು ಸತ್ತವು. "ಅಣ್ಣಾ, ಹಕ್ಕೀನ ಓಡಸಬ್ಯಾಡ, ತಂತೀನ ಸರಸು" ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ಈ ವರ್ಷ ನೀನು ಹೇಳಿದ ಹಾಗೆಯೇ ಮಾಡಿದೆವು. ಕಂಬದ ತಲೆಯ ಮೇಲೆ ಹಾಯುತ್ತಿದ್ದ ತಂತಿಯನ್ನು ಅಡ್ಡಪಟ್ಟಿಯ ಕೆಳಗೆ ಇಳಿಸಿ, ಪಕ್ಕದವಕ್ಕೆ ರಬ್ಬರ್ ಕೊಳವೆ ತೊಡಿಸಿದೆವು. ಮೊನ್ನೆ ನಿನ್ನ ಕಂಬದ ಮೇಲೆ ಒಂದು ಹದ್ದು ಕೂತು, ರೆಕ್ಕೆ ಅಗಲಿಸಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಅರ್ಧ ತಾಸು ನೋಡುತ್ತ ನಿಂತೆ.

ನಿನ್ನ ಕಂಬವೆಂದರೆ ಆ ಸೋಮವತಿ ಅಮಾವಾಸ್ಯೆಯ ಜಾತ್ರೆ ದಿನದ ಕಂಬ. ನೀನು ಸಬ್‌ಸ್ಟೇಷನ್ನಿಗೆ ಓಡಿ ಬಂದು "ಹದ್ದೊಂದು ಕಾಲು ಸಿಕ್ಕು ನೇತಾಡಾಕತ್ತದ, ಇನ್ನೂ ಜೀವ ಅದ, ಲೈನ್ ಬಂದ್ ಮಾಡು" ಎಂದಿದ್ದೆ. ಪರವಾನಗಿ ಚೀಟಿ ಕೊಡದೆ ಯಾರನ್ನೂ ಹತ್ತಿಸಬಾರದು, ಇಳಿದವನು ಚೀಟಿ ಮರಳಿಸದೆ ಲೈನ್ ಹಾಕಬಾರದು. ಅಣ್ಣತಮ್ಮಂದಿರ ನಡುವೆ ಚೀಟಿ ಯಾತಕ್ಕೆಂದು ನಾನು ಬಾಯಿಮಾತಿನಲ್ಲೇ ಹೂಂ ಅಂದೆ. ಜೇಜುರಿಯಿಂದ ಫೋನಿನ ಮೇಲೆ ಫೋನು. ಊರ ತುಂಬ ಭಕ್ತರು, ಕರೆಂಟಿಲ್ಲ, ನೀರಿಲ್ಲ. ನೀನು ಇಳಿದಿರಬೇಕು ಎಂದುಕೊಂಡು ಸ್ವಿಚ್ ಹಾಕಿದೆ. ಹದ್ದೂ ಉಳಿಯಲಿಲ್ಲ. "ಕೇಳದೆ ಹತ್ತಿದ" ಎಂದು ವರದಿ ಬರೆದವನೂ ನಾನೇ. ನಿನ್ನ ಕೈ ಹೋಯಿತು, ಆ ವರದಿಯಿಂದ ನೌಕರಿಯೂ ಹೋಯಿತು. ನೀನು ಒಂದೇ ಒಂದು ಎದುರುಮಾತು ಆಡಲಿಲ್ಲ. ಅಂದಿನಿಂದ ಮೊನ್ನೆಯವರೆಗೂ ನಾನು ಆ ದಾರಿಯಲ್ಲಿ ತಲೆ ಎತ್ತಿರಲಿಲ್ಲ.

ಅವ್ವನಿಗೆ ನಮಸ್ಕಾರ ತಿಳಿಸು, ಮಕ್ಕಳ ತಲೆ ಮೇಲೆ ನನ್ನ ಪರವಾಗಿ ಕೈ ಇಡು. ಮೈಲಾರಲಿಂಗ ನಿನ್ನ ಮನೆಯನ್ನು ಕಾಯಲಿ.

ನಿನ್ನ ಅಣ್ಣ,
ಶಿವರುದ್ರಪ್ಪ

ತಾ.ಕ.: ಇಷ್ಟು ಬರೆದೂ ಮುಖ್ಯವಾದದ್ದನ್ನು ಬಿಟ್ಟೆ. ಎಲ್ಲ ಲೈನುಗಳಿಗೂ ಇದೇ ಉಪಾಯ ಮಾಡುತ್ತಾರಂತೆ. ಇದು ಯಾರ ತಲೆಗೆ ಹೊಳೆದದ್ದು ಎಂದು ಸಾಹೇಬರು ಕೇಳಿದರು. ನಿನ್ನ ಹೆಸರು ಹೇಳಿದೆ. ಅವನೀಗ ಎಲ್ಲಿದ್ದಾನೆ ಎಂದರು. ಆ ದಿನ ನಡೆದದ್ದನ್ನೂ, ನನ್ನ ಸುಳ್ಳು ವರದಿಯನ್ನೂ ಹೇಳಿ, ಬರೆದು ಸಹಿ ಮಾಡಿಕೊಟ್ಟೆ. ಬರುವ ವಾರ ವಿಚಾರಣೆಗೆ ನಿನಗೂ ಕರೆ ಬರುತ್ತದೆ. ಚೀಟಿ ಇಲ್ಲ, ನಾನು ಬರೆದುಕೊಟ್ಟದ್ದಕ್ಕೆ ನಿನ್ನ ಮಾತೊಂದೇ ಸಾಕ್ಷಿ. ಅಣ್ಣನೆಂದು ಈ ಸಲವೂ ಸುಮ್ಮನಿರಬೇಡ, ತಮ್ಮಾ.